ಎಡಕ್ಕೆ ಹೋಗುವ ಗುಂಡು

"ನನ್ನ ರೈಫಲ್ ಎಡಕ್ಕೆ ಹೊಡೀತಿದೆ ಮಾಸ್ಟರ್" ಎಂದು ನಾನು. "ರೈಫಲ್ ಅಲ್ಲಮ್ಮ, ನೀನು ಎಡಕ್ಕೆ ಹೊಡೀತಿದ್ದೀಯ" ಎಂದು ಮೈಲ್‌ಸಾಮಿ ಮಾಸ್ಟರ್. ಪೊಂಗಲ್ ಕಳೆದಾಗಿನಿಂದ ಭಾನುವಾರ ಬಂತೆಂದರೆ ನಮ್ಮಿಬ್ಬರದು ಇದೇ ಪಾಠ. ಅವರು ಸಶಸ್ತ್ರ ಪೊಲೀಸ್ ಪಡೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು, ನಮ್ಮ ರೈಫಲ್ ಕ್ಲಬ್ಬಿನ ತರಬೇತುದಾರರು. ನಾನು ಸರಣ್ಯಾ. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಮನೆ, ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ತಪಾಸಣೆಯ ಕೆಲಸ. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹಾಗಿರುವಾಗ ತಪ್ಪು ನನ್ನಲ್ಲೇ ಇದೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಬಿಗ್ ಬೋರ್ ಸ್ಪರ್ಧೆ. ದೊಡ್ಡ ಗುಂಡಿನ ಭಾರದ ರೈಫಲ್, ಗುರಿ ಇರುವುದು ಮುನ್ನೂರು ಮೀಟರ್ ಆಚೆ. ಚಾಪೆಯ ಮೇಲೆ ಬೋರಲು ಮಲಗಿ, ಎಡಗೈ ಮೇಲೆ ರೈಫಲ್ ಇಟ್ಟು, ತೋಳಿಗೆ ಬಿಗಿದ ತೊಗಲಿನ ಪಟ್ಟಿಯನ್ನು ರೈಫಲ್ಲಿನ ಮುಂಭಾಗಕ್ಕೆ ಸಿಕ್ಕಿಸಿ ಹೊಡೆಯಬೇಕು. ಆ ಪಟ್ಟಿಯ ಬಿಗಿಯೇ ನಮ್ಮ ಆಧಾರ. ಅಷ್ಟು ದೂರದಲ್ಲಿ ನಡುವಿನ, ಹತ್ತು ಅಂಕದ ವೃತ್ತ ಊಟದ ತಟ್ಟೆಗಿಂತ ಚಿಕ್ಕದು. ಇಲ್ಲಿ ಕೂದಲೆಳೆಯಷ್ಟು ಅಲುಗಿದರೂ ಅಲ್ಲಿ ಗುಂಡು ಬೇರೆ ಮನೆ ಸೇರುತ್ತದೆ.

ಡಿಸೆಂಬರಿನಲ್ಲಿ ಎಲ್ಲ ಚೆನ್ನಾಗಿತ್ತು. ಕ್ಲಬ್ಬಿನ ಹಿರಿಯರೊಬ್ಬರು ಕೈಬಿಟ್ಟ ಹಳೆಯ ರೈಫಲ್ಲನ್ನು ಲೈಸೆನ್ಸ್ ಬದಲಾಯಿಸಿಕೊಂಡು ನನ್ನ ಹೆಸರಿಗೆ ಮಾಡಿಕೊಂಡಿದ್ದೆ. ಉಕ್ಕಿನ ನಳಿಗೆ, ಅದನ್ನು ಹಿಡಿದಿಡಲು ಕೆಳಗೆ ವಾಲ್‌ನಟ್ ಮರ. ನನ್ನ ಗುಂಡುಗಳೆಲ್ಲ ನಡುವೃತ್ತದಲ್ಲಿ ಒತ್ತೊತ್ತಾಗಿ ಕೂರುತ್ತಿದ್ದವು. ಜನವರಿಯ ನಡುವಿನಿಂದ ಏನಾಯಿತೋ, ಮೊದಲ ನಾಲ್ಕಾರು ಗುಂಡು ನಡುವಿಗೆ ಹೋಗುತ್ತವೆ, ನಳಿಗೆ ಕಾಯುತ್ತ ಬಂದ ಹಾಗೆ ಒಂದೊಂದಾಗಿ ಎಡಕ್ಕೆ ಹೊರಡುತ್ತವೆ. ದೊಡ್ಡಿಯ ಬಾಗಿಲು ತೆರೆದದ್ದು ಕಂಡ ಹಸುಗಳ ಹಾಗೆ, ಒಂದರ ಹಿಂದೆ ಒಂದು.

ಏಪ್ರಿಲ್ ಮೊದಲ ಭಾನುವಾರ ಜಿಲ್ಲಾ ತಂಡದ ಆಯ್ಕೆ. ಬಿಗ್ ಬೋರಿಗೆ ತಂಡದಲ್ಲಿ ಇದ್ದದ್ದು ಒಂದೇ ಜಾಗ. ಆ ಜಾಗದ ಮೇಲೆ ಕಣ್ಣಿಟ್ಟವರು ಇಬ್ಬರು: ನಾನು, ಮತ್ತೆ ಅನ್ನೂರಿನ ಸೆಂದಿಲ್ ಕುಮಾರ್. ಅವನ ಮನೆಯವರದು ಹತ್ತಿ ಗಿರಣಿ, ಹೊಸ ರೈಫಲ್, ಒಳ್ಳೆಯ ಹುಡುಗ. ಒಳ್ಳೆಯ ಹುಡುಗ ಆಗಿರದಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಫೆಬ್ರವರಿ ಕೊನೆಯ ಭಾನುವಾರ ಮಾಸ್ಟರ್ ನನ್ನನ್ನು ಬೇವಿನ ಮರದ ಕೆಳಗೆ ಕರೆದು ಕೂರಿಸಿದರು. ನಮ್ಮ ಮಾತೆಲ್ಲ ತಮಿಳಿನಲ್ಲೇ. "ನೋಡಮ್ಮ, ಕೋಪ ಮಾಡ್ಕೋಬೇಡ. ಇದು ದೊಡ್ಡ ಗುಂಡು, ಭುಜಕ್ಕೆ ಒದೆಯುತ್ತೆ. ಮೊದಮೊದಲು ಗೊತ್ತಾಗೋದಿಲ್ಲ. ಆಮೇಲೆ ಭುಜ ತಾನಾಗೇ ಹೆದರೋಕೆ ಶುರು ಮಾಡುತ್ತೆ. ಬಂದೂಕಿನ ಕುದುರೆ ಎಳೆಯೋ ಹೊತ್ತಿಗೆ ನೀನು ಸ್ವಲ್ಪ ಬೆಚ್ತಿದ್ದೀಯ. ಅದಕ್ಕೇ ಎಡಕ್ಕೆ."

"ನಾನು ಬೆಚ್ತಿಲ್ಲ ಮಾಸ್ಟರ್."

"ಬೆಚ್ಚೋರಿಗೆ ತಾವು ಬೆಚ್ತಿರೋದು ಗೊತ್ತಿರೋದಿಲ್ಲ. ಆಯ್ಕೆಯ ಒಳಗೆ ಸರಿಯಾಗದೇ ಹೋದ್ರೆ ಬಿಗ್ ಬೋರ್ ಬಿಟ್ಟುಬಿಡು. ಚಿಕ್ಕ ಗುಂಡಿನಲ್ಲಿ ನೀನು ಚೆನ್ನಾಗಿದ್ದೆ. ಅಲ್ಲಿಗೇ ವಾಪಸ್ ಬಾ."

ಕೆಡುಕಿಗೆ ಹೇಳಿದ ಮಾತಲ್ಲ ಅದು, ನನಗೆ ಗೊತ್ತು. ಅದಕ್ಕೇ ಇನ್ನಷ್ಟು ನೋವಾಯಿತು. ನಲವತ್ತು ದಾಟಿದ ಹೆಂಗಸು, ದೊಡ್ಡ ರೈಫಲ್ಲಿಗೆ ಹೆದರಿದಳು ಎಂದು ನಾಲ್ಕು ಜನ ಹೇಳಿಕೊಳ್ಳುವುದು ಕಿವಿಗೆ ಬಿದ್ದ ಹಾಗಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ಹೇಳುವುದು ನಿಜವೇ ಇರಬಹುದೇ ಎಂಬ ಅನುಮಾನ ನನಗೂ ಶುರುವಾಯಿತು. ಇಡೀ ದಾರಿ ಕಾರಿನಲ್ಲಿ ನನ್ನ ಬಲಭುಜವನ್ನು ಬೈಯುತ್ತ ಬಂದೆ.

ಮನೆಯಲ್ಲಿ ಇರುವವರು ಮೂವರೇ, ಆಡುವುದು ತಮಿಳು ಬೆರೆತ ಕನ್ನಡ. ನಾನು, ನನ್ನ ಗಂಡ ದೀನದಯಾಳನ್, ನಮ್ಮ ಅತ್ತೆ ಪೆರಿಯನಾಯಕಿ. ಗಂಡನಿಗೆ ಮನೆಯ ಹಿಂದಿನ ಬೀದಿಯಲ್ಲೇ ಪಂಪಿನ ವರ್ಕ್‌ಶಾಪು. ಅತ್ತೆ ಹುಟ್ಟಿ ಬೆಳೆದದ್ದು ಕೈಮಗ್ಗದ ಗುಂಡಿಯ ಪಕ್ಕದಲ್ಲಿ. ಈಗ ಮಗ್ಗವಿಲ್ಲ, ಗತ್ತು ಮಾತ್ರ ಹಾಗೇ ಇದೆ. ರೈಫಲ್ ಮನೆಗೆ ಬಂದ ದಿನ ಅತ್ತೆ ಅದನ್ನು ಮೇಲಿಂದ ಕೆಳಕ್ಕೆ ನೋಡಿ, "ಎಣ್ಣುಮಕ್ಳಿಗೆ ಯಾಕಮ್ಮಣಿ ಈ ತುಪ್ಪಾಕಿ ವೇಲೆ?" ಎಂದು ಕೇಳಿದ್ದರು, ಹೆಣ್ಣಿಗೆ ಯಾಕೆ ಈ ಕೋವಿ ಕೆಲಸ ಎಂದು. ಅಷ್ಟೇ. ಆಮೇಲೆ ಅದರ ವಿಷಯ ಎತ್ತಿದವರಲ್ಲ. ನಾನು ಪದಕ ತಂದರೂ ಕೇಳಲಿಲ್ಲ, ಮುಖ ಊದಿಸಿಕೊಂಡು ಬಂದರೂ ಕೇಳಲಿಲ್ಲ. ಊಟ ಬಡಿಸಿ, ಇನ್ನೊಂದು ಸೌಟು ಸಾರು ಹಾಕಿ ಸುಮ್ಮನಾಗುತ್ತಿದ್ದರು. ಅದು ತಾತ್ಸಾರ ಎಂದೇ ನಾನು ಲೆಕ್ಕ ಹಾಕಿದ್ದೆ.

ಆ ದಿನ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದೆ. ವರ್ಕ್‌ಶಾಪುಗಳೇ ತುಂಬಿರುವ ನಮ್ಮ ಗಣಪತಿಯ ಗಂಡಸರಿಗೆ ಯಾವ ಯಂತ್ರವೇ ಕೆಟ್ಟಿದೆ ಎನ್ನಿ, ಕೈ ತಾನಾಗಿ ಸ್ಪ್ಯಾನರಿನ ಕಡೆ ಹೋಗುತ್ತದೆ.

"ಎಲ್ಲೋ ಸ್ಕ್ರೂ ಲೂಸಾಗ್ಯದೆ. ನಾನು ಒಂದ್ ಕೈ ನೋಡ್ತೀನಿ ಬುಡು" ಎಂದರು.

"ಒಂದ್ ಕೈ ಅಲ್ಲ, ಒಂದೊಂದೇ ನೋಡ್ರೀ. ಎಲ್ಲಾ ಒಟ್ಟಿಗೆ ತಿರುಗ್ಸಿದ್ರೆ ಯಾವುದ್ರಿಂದ ಸರಿ ಆಯ್ತು ಅಂತ ಯಾರಿಗ್ ತಿಳೀತದೆ?"

"ಸರಿ ಆದ್ರೆ ಸಾಕಲ್ವಾ?"

"ಸಾಕಾಗಲ್ಲ" ಎಂದೆ. ಸಾಕಾಗುವುದಿಲ್ಲ. ರೈಫಲ್ ಸರಿಯಾದರೆ ಮಾತ್ರ ಸಾಲದು, ಕೆಟ್ಟದ್ದು ರೈಫಲ್ಲೋ ನಾನೋ ಎನ್ನುವುದು ನನಗೆ ತಿಳಿಯಬೇಕಿತ್ತು. ಅತ್ತೆ ಮಜ್ಜಿಗೆ ಹಾಕಿ ಒಳಗೆ ಹೋದರು.

ಹಾಗೆ ಶುರುವಾಯಿತು ನಮ್ಮ ಶೋಧ. ಮೊದಲು ಮರಕ್ಕೂ ಉಕ್ಕಿಗೂ ಹಾಕಿದ ಎರಡು ದೊಡ್ಡ ಸ್ಕ್ರೂ. ಗಂಡ ವರ್ಕ್‌ಶಾಪಿನಿಂದ ಟಾರ್ಕ್ ರೆಂಚ್ ತಂದು, ಬಿಚ್ಚದೆ, ಬಿಗಿ ಎಷ್ಟಿದೆ ಎಂದಷ್ಟೇ ನೋಡಿದರು. ಸರಿಯಾಗಿಯೇ ಇತ್ತು. ಮರುವಾರ ಗುಂಡು ಹೊಡೆಯುವ ರೇಂಜಿನಲ್ಲಿ ಮತ್ತೆ ಎಡಕ್ಕೆ. ಆಮೇಲೆ ಹಿಂದಿನ ಸೈಟ್. ಗುರಿ ನೋಡುವ ಆ ಸಣ್ಣ ತೂತಿನ ತಿರುಪು ಸವೆದಿರಬಹುದು ಎಂದು ಕ್ಲಬ್ಬಿನಿಂದ ಇನ್ನೊಂದು ಸೈಟ್ ಎರವಲು ತಂದು ಹಾಕಿದೆ. ಎಡಕ್ಕೆ. ನಳಿಗೆಯ ಒಳಗೆ ತಾಮ್ರ ಅಂಟಿಕೊಂಡಿರಬೇಕು ಎಂದು ಸೆಂದಿಲ್ ಹೇಳಿದ. ಔಷಧ ಹಾಕಿ, ಬ್ರಶ್ಶಿನಿಂದ ಉಜ್ಜಿ, ತಿರುಪ್ಪೂರಿನ ಬಿಳಿ ಬನಿಯನ್ ಬಟ್ಟೆಯ ತುಂಡುಗಳಲ್ಲಿ ಒರೆಸಿದೆ. ಬಟ್ಟೆ ಮೊದಲು ನೀಲಿಯಾಗಿ ಬಂತು, ಕೊನೆಗೆ ಬೆಳ್ಳಗೆ ಬಂತು. ಗುಂಡು ಮಾತ್ರ ತನ್ನ ಹಳೆಯ ದಾರಿಯಲ್ಲೇ ಹೋಯಿತು.

ನಾನು ಕೊಂಡ ಗುಂಡುಗಳೇ ಸರಿಯಿಲ್ಲದಿರಬಹುದು ಎಂದು ಸೆಂದಿಲ್ ತನ್ನ ಪೆಟ್ಟಿಗೆಯಿಂದ ಒಂದಷ್ಟು ಕೊಟ್ಟ. ಅವನ ರೈಫಲ್ಲಿನಲ್ಲಿ ಹತ್ತಕ್ಕೆ ಹೋಗುವ ಗುಂಡು ನನ್ನದರಲ್ಲಿ ಎಂಟಕ್ಕೆ ಹೋಯಿತು. "ಗಾಳಿ ಇರ್ಬಹುದು ಅಕ್ಕ" ಎಂದ ಪಾಪ. ಗಾಳಿ ನುಗ್ಗಿ ಬರುವ ಪಾಲಕ್ಕಾಡು ಕಣಿವೆಯ ಬಾಯಲ್ಲಿ ಬದುಕುವವರಿಗೆ ಏನು ಕೆಟ್ಟರೂ ಗಾಳಿಯ ಮೇಲೆ ಹಾಕುವ ಚಾಳಿ. ಆದರೆ ಆ ಗಾಳಿ ಪಕ್ಕದ ಚಾಪೆಯಲ್ಲಿ ಮಲಗಿದ ಇವನನ್ನು ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತದೆಯೇ? ಹಾಗೆ ಕೇಳಿದಾಗ ಅವನೇ ನಕ್ಕುಬಿಟ್ಟ.

ಎಡಕ್ಕೆ ಹೋಗುತ್ತಿದೆಯಲ್ಲ ಎಂದು ಸೈಟನ್ನು ಬಲಕ್ಕೆ ತಿರುಗಿಸುವುದು, ಆಗ ಮೊದಲ ಗುಂಡುಗಳು ಬಲಕ್ಕೆ ಹೋಗಿ ಕೊನೆಯವು ನಡುವಿಗೆ ಬರುವುದು, ಮತ್ತೆ ನಾನು ತಲೆ ಕೆಟ್ಟು ವಾಪಸ್ ತಿರುಗಿಸುವುದು. ಹೀಗೇ ಮಾರ್ಚ್ ಅರ್ಧ ಕಳೆಯಿತು. ನಾನು ಸೋತು ಕೂರುವವಳಲ್ಲ. ಬೆಳಿಗ್ಗೆ ತಿರುಪ್ಪೂರಿನ ರೈಲಿನಲ್ಲಿ ಕೂತು ಕಣ್ಣು ಮುಚ್ಚಿ ಒಂದೊಂದು ಭಾಗವನ್ನೂ ಮನಸ್ಸಿನಲ್ಲೇ ಬಿಚ್ಚಿ ಜೋಡಿಸುತ್ತಿದ್ದೆ. ಎದುರು ಕೂತವರು ನಾನು ಜಪ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.

ಒಂದು ದಿನ ಮಾಸ್ಟರಿಗೇ ತಾಳ್ಮೆ ತಪ್ಪಿತು. "ತಾ ಇಲ್ಲಿ" ಎಂದು ನನ್ನ ರೈಫಲ್ ತೆಗೆದುಕೊಂಡರು. ನಳಿಗೆಗೂ ಮರಕ್ಕೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ನಳಿಗೆ ಯಾವುದಕ್ಕೂ ತಾಗದೆ ಗಾಳಿಯಲ್ಲಿ ನಿಂತಿರಬೇಕು, ತಾಗಿದರೆ ಗುಂಡು ದಾರಿ ತಪ್ಪುತ್ತದೆ. ಅವರು ಆ ಸಂದಿನೊಳಗೆ ಕಾಗದದ ಪಟ್ಟಿ ತೂರಿಸಿ ಉದ್ದಕ್ಕೂ ಎಳೆದರು. ಕಾಗದ ಸರಾಗವಾಗಿ ಓಡಿತು. ಆಮೇಲೆ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, ನಳಿಗೆ ಕಾಯುವವರೆಗೂ ಹೊಡೆದರು. ದುರ್ಬೀನಿನಲ್ಲಿ ನಾನೇ ನೋಡಿದೆ. ಎಲ್ಲವೂ ಹತ್ತರ ವೃತ್ತದಲ್ಲೇ ಇದ್ದವು.

ಮಾಸ್ಟರ್ ರೈಫಲ್ ವಾಪಸ್ ಕೊಟ್ಟು ನನ್ನ ಬೆನ್ನು ತಟ್ಟಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ತಟ್ಟಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಹಾಗಾದರೆ ನಾನೇ. ನನ್ನ ಭುಜವೇ. ಆದರೂ ಮುಖ ತೊಳೆದುಕೊಂಡು ಬಂದು ಮತ್ತೆ ಚಾಪೆಯ ಮೇಲೆ ಮಲಗಿದೆ. ಭುಜ ಹೆದರಿದ್ದರೆ ಹೆದರಲಿ, ನಾನು ಅದರ ಮಾತು ಕೇಳುವುದಿಲ್ಲ ಎಂದು ಹಲ್ಲು ಕಚ್ಚಿ ಹೊಡೆದೆ. ಎಡಕ್ಕೆ ಹೋಯಿತು.

ಆಯ್ಕೆಯ ಹಿಂದಿನ ದಿನ, ಶನಿವಾರ. ಕಂಪನಿಯಲ್ಲಿ ಒಂದು ತಕರಾರು ನನ್ನ ಮೇಜಿಗೆ ಬಂತು. ಹೊರದೇಶಕ್ಕೆ ಹೋದ ಟೀಶರ್ಟುಗಳಲ್ಲಿ ಉದ್ದಕ್ಕೆ ಗೆರೆ ಕಾಣುತ್ತಿದೆ ಎಂದು ಖರೀದಿದಾರರು ಹೇಳಿದ್ದರು. ನಮ್ಮ ಹೊಸ ಹುಡುಗಿ ಅದೇ ಥಾನಿನ ಬಟ್ಟೆಯನ್ನು ದೀಪದ ಮೇಜಿನ ಮೇಲೆ ಹರಡಿ, "ಏನೂ ಇಲ್ಲ ಮೇಡಂ, ಕ್ಲೀನಾಗಿದೆ" ಎಂದಳು.

"ಹಾಸಿ ನೋಡಿದರೆ ಏನು ಕಾಣುತ್ತೆ? ಮೈಮೇಲೆ ಹಾಕ್ಕೊಂಡಾಗ ಬಟ್ಟೆ ಹೀಗೆ ಹಾಸ್ಕೊಂಡಿರುತ್ತಾ? ಎಳೆದು ನೋಡು" ಎಂದು ನಾನೇ ಎರಡು ಕೈಯಲ್ಲಿ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿದೆ. ಸೂಜಿ ಸೊಟ್ಟಗಾಗಿ ಬಿಟ್ಟ ಗೆರೆ ನೆಟ್ಟಗೆ ಕಂಡಿತು. ಇದು ನನಗೆ ದಿನವೂ ಇರುವ ಕೆಲಸ, ಹೊಸದೇನಲ್ಲ. ಆದರೆ ಬಟ್ಟೆ ಎಳೆದು ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

ಮಾಸ್ಟರ್ ಎಳೆದು ನೋಡಿರಲಿಲ್ಲ. ಅವರು ಹೊಡೆದದ್ದು ಮರಳಿನ ಚೀಲದ ಮೇಲಿಟ್ಟು. ಕಾಗದ ಓಡಿಸಿದ್ದೂ ರೈಫಲ್ಲನ್ನು ಸುಮ್ಮನೆ ಮೇಜಿನ ಮೇಲಿಟ್ಟು. ನಾನು ಹೊಡೆಯುವುದು ಪಟ್ಟಿ ಬಿಗಿದು. ಪಟ್ಟಿ ನನ್ನ ಎಡತೋಳಿನಲ್ಲಿದೆ, ಅದು ಮರದ ಮುಂಭಾಗವನ್ನು ಎಡಕ್ಕೆ ಜಗ್ಗುತ್ತದೆ. ಹಳೆಯ ಮರ, ಸ್ವಲ್ಪ ಬಾಗುತ್ತದೆ. ಹಾಸಿದಾಗ ಕಾಣದ ತಪ್ಪು ಎಳೆದಾಗ ಕಾಣುತ್ತದೆ ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಟ್ಟವಳು ನಾನು! ಅರ್ಧ ದಿನದ ರಜೆ ಹೇಳಿ, ಸಿಕ್ಕಿದ ಬಸ್ ಹತ್ತಿದೆ.

ಮನೆಗೆ ಬಂದು ಗಂಡನನ್ನು ವರ್ಕ್‌ಶಾಪಿನಿಂದ ಎಳೆದುಕೊಂಡು ಬಂದೆ. ಬೀರುವಿನ ಬೀಗ ತೆಗೆದು, ರೈಫಲ್ ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ಗುಂಡನ್ನು ಒಳಗೆ ತಳ್ಳುವ ಬೋಲ್ಟ್ ತೆಗೆದಿಟ್ಟು, ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದೆ. ತೋಳಿಗೆ ಪಟ್ಟಿ ಬಿಗಿದೆ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು.

"ಈಗ ಕಾಗದ ಓಡ್ಸ್ರೀ. ತುದಿಯಿಂದ ನನ್ ಕಡೆಗೆ."

ಗಂಡ ಕಾಗದದ ಪಟ್ಟಿ ತೂರಿಸಿ ಎಳೆದರು. ಸ್ವಲ್ಪ ದೂರ ಬಂತು, ಆಮೇಲೆ ಗಕ್ಕನೆ ನಿಂತಿತು. "ಬರ್ತಿಲ್ಲ" ಎಂದರು. ತೋಳಿನ ಪಟ್ಟಿ ಸಡಿಲ ಬಿಟ್ಟೆ. ಕಾಗದ ಓಡಿತು. ಮತ್ತೆ ಬಿಗಿದೆ. ನಿಂತಿತು.

"ಬಲಗಡೆ ಗೋಡೆ ತಾಗ್ತದೆ ಕಣೇ" ಎಂದರು ಗಂಡ. ಮರ ಎಡಕ್ಕೆ ಬಾಗಿದಾಗ ಅದರ ಬಲಗೋಡೆ ಬಂದು ನಳಿಗೆಯನ್ನು ಎಡಕ್ಕೆ ನೂಕುತ್ತಿದೆ. ನಳಿಗೆ ಕಾದು ಉಬ್ಬಿದಷ್ಟೂ ಜೋರಾಗಿ ನೂಕುತ್ತದೆ. ನನಗೆ ಚಾಪೆಯ ಮೇಲೆ ಮಲಗಿದ್ದಲ್ಲೇ ಕುಣಿಯಬೇಕೆನಿಸಿತು. ನಾನಲ್ಲ! ನನ್ನ ಭುಜ ಹೆದರಿರಲಿಲ್ಲ!

ಆದರೆ ಡಿಸೆಂಬರಿನಲ್ಲಿ ಇದೇ ಮರ, ಇದೇ ಪಟ್ಟಿ, ಆಗ ತಾಗದ್ದು ಈಗ ಯಾಕೆ ತಾಗುತ್ತದೆ? ನೋಡಬೇಕೆಂದರೆ ಮರ ಬಿಚ್ಚಬೇಕು. ಅದು ದೊಡ್ಡ ವಿಷಯ. ಉಕ್ಕು ಮರದಲ್ಲಿ ಕೂತ ಹದ ಒಮ್ಮೆ ಕದಲಿದರೆ ಮತ್ತೆ ಹಾಗೇ ಕೂರಲು ಎಷ್ಟೋ ಗುಂಡು ಬೇಕು ಎಂದು ಮಾಸ್ಟರ್ ಮೊದಲಿನಿಂದಲೂ ಅದಕ್ಕೆ ಕೈ ಹಾಕಲು ಬಿಟ್ಟಿರಲಿಲ್ಲ. ಫೋನ್ ಮಾಡಿದೆ. ಕಾಗದ ನಿಂತದ್ದನ್ನು ಹೇಳಿದೆ.

"ಪಟ್ಟಿ ಬಿಗಿದು ನೋಡಬೇಕು ಅಂತ ನನಗೆ ಹೊಳೀಲಿಲ್ಲವಲ್ಲಮ್ಮ" ಎಂದರು. ಆಮೇಲೆ, "ನಾಳೆ ಆಯ್ಕೆ. ಇವತ್ತು ಬಿಚ್ಚಿದರೆ ನಾಳೆ ಎಲ್ಲಿ ಹೋಗುತ್ತೆ ಅಂತ ದೇವರಿಗೇ ಗೊತ್ತು. ಬಿಚ್ಚದಿದ್ದರೆ ಎಲ್ಲಿ ಹೋಗುತ್ತೆ ಅಂತ ನಿನಗೇ ಗೊತ್ತು. ಯೋಚನೆ ಮಾಡು."

ಯೋಚನೆ ಮಾಡಲು ಏನಿತ್ತು? "ಬಿಚ್ರೀ" ಎಂದೆ.

ಗಂಡ ಸ್ಕ್ರೂ ತೆಗೆದು ನಳಿಗೆಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರು. ಮರದ ಹೊಟ್ಟೆಯಲ್ಲಿ, ಬಲಗೋಡೆಗೆ ಒತ್ತಿಕೊಂಡು, ಬೆರಳುದ್ದದ ಒಣಗಿದ ಕಡ್ಡಿಯೊಂದು ಕೂತಿತ್ತು. ಚಿಮಟಿಯಿಂದ ತೆಗೆದೆ. ಬೇವಿನ ಎಸಳು, ಆವಾರಂ ಎನ್ನುವ ತಂಗಡಿ ಹೂವಿನ ಹಳದಿ ಪುಡಿ, ಬೂದಿ ಬಣ್ಣಕ್ಕೆ ತಿರುಗಿದ, ಪೂಳೈ ಎಂಬ ಬಿಳಿ ಕಾಡುಹೂ. ಎಲ್ಲವನ್ನೂ ಸೇರಿಸಿ ಅರಿಸಿನದ ನೂಲಿನಲ್ಲಿ ಸುತ್ತಿ, ನೇಯ್ಗೆಯವರು ಮಾತ್ರ ಹಾಕುವ ಆ ಚಿಕ್ಕ ಗಂಟು ಹಾಕಿತ್ತು.

ಕಾಪ್ಪು. ಕೊಯಮತ್ತೂರು ಸುತ್ತಿನ ನಮ್ಮ ಕೊಂಗುನಾಡಿನಲ್ಲಿ ಪೊಂಗಲ್ಲಿನ ಹಿಂದಿನ ದಿನ, ಭೋಗಿಯಂದು, ಇದನ್ನು ಕಟ್ಟಿ ಮನೆಯ ಸೂರಿಗೆ, ದನದ ಕೊಟ್ಟಿಗೆಗೆ, ಬಾವಿಗೆ, ಬಂಡಿಗೆ ಸಿಕ್ಕಿಸುತ್ತಾರೆ, ವರ್ಷವಿಡೀ ಕಾಯಲಿ ಎಂದು. ನಮ್ಮ ಮನೆಯಲ್ಲಿ ದನವಿಲ್ಲ, ಆದ್ದರಿಂದ ಅತ್ತೆ ಸ್ಕೂಟರಿಗೆ ಸಿಕ್ಕಿಸುತ್ತಾರೆ, ಹೊಲಿಗೆ ಯಂತ್ರಕ್ಕೆ ಸಿಕ್ಕಿಸುತ್ತಾರೆ, ವರ್ಕ್‌ಶಾಪಿನ ಲೇತಿಗೆ ಸಿಕ್ಕಿಸುತ್ತಾರೆ. ಒಮ್ಮೆ ಇಟ್ಟ ಕಾಪ್ಪನ್ನು ಮುಂದಿನ ಭೋಗಿಯವರೆಗೆ ತೆಗೆಯುವ ಹಾಗಿಲ್ಲ. ಈ ವರ್ಷ ಭೋಗಿಯ ದಿನ ನಾನು ರೈಫಲ್ಲಿಗೆ ಎಣ್ಣೆ ಹಾಕಿ, ಬೋಲ್ಟ್ ಬೇರೆ ಇಟ್ಟು, ಒರೆಸಲು ಬಟ್ಟೆ ತರಲು ಒಳಗೆ ಹೋಗಿದ್ದೆ. ನಾನು ಬಟ್ಟೆ ಹುಡುಕುವಷ್ಟು ಹೊತ್ತು ಅತ್ತೆಗೆ ಸಾಕಾಗಿತ್ತು. ಹೊರಗೆ ಕಾಣುವ ಹಾಗೆ ಇಟ್ಟರೆ ನಾನು ಕಿತ್ತು ಬಿಸಾಡುತ್ತೇನೆಂದು, ಸಂದಿನೊಳಗೆ ಕೈಗೆ ಸಿಗದ ಹಾಗೆ ಹೆಣಿಗೆ ಕಡ್ಡಿಯಿಂದ ದೂಡಿದ್ದಾರೆ.

ತಲೆ ಎತ್ತಿ ನೋಡಿದೆ. ಹೊಸ್ತಿಲಲ್ಲಿ ಮೊರ ಇತ್ತು, ಅತ್ತೆ ಇರಲಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು.

ನನಗೆ ಎಂಥ ಕೋಪ ಬಂತೆಂದರೆ ಕಿವಿಯೊಳಗೆ ಗುಯ್ ಎಂದಿತು. ಇಷ್ಟು ಭಾನುವಾರಗಳು, ಇಷ್ಟು ಗುಂಡು, ಮಾಸ್ಟರ್ ಎದುರು ಆ ಅವಮಾನ, ಶೌಚಾಲಯದ ನಲ್ಲಿ. ಎದ್ದು ಹಿತ್ತಿಲಿಗೆ ಹೊರಟವಳ ಕೈಯನ್ನು ಗಂಡ ಹಿಡಿದುಕೊಂಡರು.

"ಈಗ ಬೇಡ. ಈಗ ಕೂಗಾಡಿದ್ರೆ ನಾಳೆ ಕೈ ನಿಲ್ಲಲ್ಲ. ನಾಳೆ ಮುಗಿಸ್ಕೊಂಡ್ ಬಂದು ಬೇಕಾದಷ್ಟು ಕೂಗು, ನಾನೂ ಕೂತ್ಕೊಂಡ್ ಕೇಳ್ತೀನಿ."

ಮದುವೆಯಾದ ಮೇಲೆ ಅವರು ಆಡಿದ ಬುದ್ಧಿವಂತ ಮಾತುಗಳಲ್ಲಿ ಇದೂ ಒಂದು. ಉಸಿರು ಎಳೆದು ಬಿಟ್ಟು, ಮರದ ಹೊಟ್ಟೆಯನ್ನು ಒರೆಸಿ, ಉಕ್ಕನ್ನು ಕೂರಿಸಿ, ಅದೇ ಬಿಗಿಗೆ ಸ್ಕ್ರೂ ಹಾಕಿಸಿದೆ. ಪಟ್ಟಿ ಬಿಗಿದು ಕಾಗದ ಓಡಿಸಿದೆವು. ತುದಿಯಿಂದ ಬುಡದವರೆಗೂ ನಿಲ್ಲದೆ ಓಡಿತು. ಆ ರಾತ್ರಿ ಅತ್ತೆ ಬಡಿಸಿದರು, ನಾನು ತಟ್ಟೆ ನೋಡುತ್ತ ಉಂಡು ಮಲಗಿದೆ.

ಭಾನುವಾರ ಬೆಳಿಗ್ಗೆ ರೇಂಜಿನಲ್ಲಿ ಬಿಸಿಲು ಏರುವ ಮೊದಲೇ ಮಲಗಿದೆವು. ಪಕ್ಕದ ಚಾಪೆಯಲ್ಲಿ ಸೆಂದಿಲ್. ಹಿಂದೆ ದುರ್ಬೀನಿನ ಹತ್ತಿರ ಮಾಸ್ಟರ್. ಲೆಕ್ಕಕ್ಕೆ ಹಿಡಿಯದ ಪರೀಕ್ಷೆಯ ಗುಂಡುಗಳನ್ನು ಮೊದಲು ಹೊಡೆಯಲು ಬಿಡುತ್ತಾರೆ. ನನ್ನ ಮೊದಲ ಗುಂಡು ಬಲಕ್ಕೆ ಹೋಯಿತು. ಎರಡನೆಯದೂ ಬಲಕ್ಕೆ, ಮೊದಲಿನದರ ಪಕ್ಕದಲ್ಲೇ. ಮಾಸ್ಟರ್ ಹಿಂದಿನಿಂದ "ಅಯ್ಯೋ" ಎಂದರು. ನನಗೆ ನಗು ಬಂತು. ಎಡಕ್ಕೆ ಹೋಗುವ ರೈಫಲ್ಲಿಗೆ ಸರಿಯಾಗಲೆಂದು ಹೋದ ವಾರ ನಾನೇ ಮತ್ತೆ ಸೈಟನ್ನು ಬಲಕ್ಕೆ ತಿರುಗಿಸಿ ಇಟ್ಟಿದ್ದೆನಲ್ಲ, ರೈಫಲ್ ಪಾಪ ಹೇಳಿದ ಕಡೆಗೇ ಹೊಡೆಯುತ್ತಿತ್ತು. ಸೈಟನ್ನು ಡಿಸೆಂಬರಿನ ಗುರುತಿಗೆ ವಾಪಸ್ ತಂದೆ. ಮುಂದಿನ ಗುಂಡು ನಡುವಿಗೆ ಬಿತ್ತು.

ಲೆಕ್ಕದ ಗುಂಡುಗಳು ಶುರುವಾದವು. ನಿಜ ಹೇಳುತ್ತೇನೆ, ಆಗ ನನಗೆ ಹಿಂದೆಂದಿಗಿಂತ ಹೆಚ್ಚು ಭಯವಾಯಿತು. ಇಷ್ಟು ದಿನ ಎಡಕ್ಕೆ ಹೋದರೆ ರೈಫಲ್ಲಿನ ಮೇಲೆ ಹಾಕಬಹುದಿತ್ತು. ಈಗ ತಪ್ಪಿದರೆ ಅದು ನನ್ನದೇ. ನಳಿಗೆ ಕಾಯಿತು. ಕೈ ತಾನಾಗಿ ಬಲಕ್ಕೆ ಹಿಡಿಯಲು ನೋಡಿತು, ಎರಡೂವರೆ ತಿಂಗಳ ಅಭ್ಯಾಸ. ಬೇಡ, ನಡುವಿಗೇ ಹಿಡಿ ಎಂದು ಪ್ರತಿ ಸಲವೂ ಹೇಳಿಕೊಂಡೆ. ಅರ್ಧದಲ್ಲಿ ಒಂದು ಗುಂಡು ಎಡಕ್ಕೆ ಒಂಬತ್ತಕ್ಕೆ ಹೋಯಿತು. ಆದರೆ ಕುದುರೆ ಎಳೆಯುವಾಗಲೇ ನಾನು ಆತುರ ಮಾಡಿದ್ದು ನನಗೆ ಗೊತ್ತಾಗಿತ್ತು. ಇದು ನನ್ನದು ಎಂದುಕೊಂಡೆ. ನನ್ನದಾದರೆ ನಾನೇ ಸರಿಮಾಡಬಹುದು. ಉಸಿರು ಬಿಟ್ಟು, ಕಾದು, ಮುಂದಿನದನ್ನು ನಡುವಿಗೆ ಇಟ್ಟೆ. ಅದರ ಮುಂದಿನದನ್ನೂ. ಕೊನೆಯವರೆಗೂ ಗುಂಡುಗಳು ಮತ್ತೆ ದಾರಿ ಬಿಟ್ಟು ಹೊರಡಲಿಲ್ಲ.

ಎಣಿಸಿ ಮುಗಿಸಿದಾಗ ನಾನು ಸೆಂದಿಲ್‌ಗಿಂತ ಒಂದೇ ಒಂದು ಅಂಕ ಮುಂದಿದ್ದೆ. ಅವನು ಎದ್ದು ಬಂದು ಕೈ ಕುಲುಕಿ, "ಗುಂಡು ಕೊಟ್ಟವನು ನಾನು, ನೆನಪಿರಲಿ ಅಕ್ಕ" ಎಂದು ನಕ್ಕ. ಮಾಸ್ಟರ್ ನನ್ನ ಗುರಿಹಲಗೆಯ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದರು. "ಭುಜ ಅಂದುಬಿಟ್ಟೆ. ತಪ್ಪು ನಂದು" ಎಂದರು. ಆ ಮಾತು ಕೇಳಲು ಎರಡೂವರೆ ತಿಂಗಳು ಕಾದವಳಿಗೆ, ಕೇಳಿದಾಗ ಅಷ್ಟೇನೂ ಆಗಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಕೆಲಸ ಬಾಕಿ ಇತ್ತು.

ಮನೆಗೆ ಬಂದು ರೈಫಲ್ ಬೀರುವಿಗೆ ಹಾಕಿ ಬೀಗ ಜಡಿದೆ. ಕಾಗದದಲ್ಲಿ ಸುತ್ತಿಟ್ಟಿದ್ದ ಕಾಪ್ಪನ್ನು ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಅತ್ತೆ ಕಲ್ಲಿನ ಮೇಲೆ ಕೂತು ಕರಿಬೇವು ಬಿಡಿಸುತ್ತಿದ್ದರು. ಅವರ ಮುಂದೆ ಅದನ್ನು ಇಟ್ಟೆ.

"ಇದನ್ನ ನೀವೇ ತಾನೇ ಇಟ್ಟಿದ್ದು?"

"ಆಮಾ. ನಾನೇ."

"ಇದ್ರಿಂದ ನಂಗ್ ಏನೇನಾಯ್ತು ತಿಳೀತಾ ಅತ್ತೆ? ಒಂದ್ ಗುಂಡೂ ನೆಟ್ಟಗೋಗ್ಲಿಲ್ಲ. ಊರ್ ಮುಂದೆ ಮಾನ ಓಯ್ತು. ನಾನು ಎದ್ರಿದೀನಿ ಅಂದ್ರು ಎಲ್ಲಾರೂ. ನಂಗೇ ನನ್ ಮೇಲೆ ನಂಬ್ಕೆ ಓಗ್ಬುಟ್ಟಿತ್ತು!"

ಕೂಗಿದೆ. ಪಕ್ಕದ ಮನೆಯವರು ಕಿಟಕಿಗೆ ಬರುವಷ್ಟು ಕೂಗಿದೆ. ಗಂಡ ಹೇಳಿದ ಹಾಗೇ ಬಾಗಿಲಲ್ಲಿ ಬಂದು ನಿಂತುಕೊಂಡರು. ಅತ್ತೆ ಕರಿಬೇವಿನ ಕಡ್ಡಿಯನ್ನು ಪಕ್ಕಕ್ಕೆ ಇಟ್ಟು ನನ್ನ ಮುಖ ನೋಡಿದರು. ಬಲಗೆನ್ನೆಯನ್ನು, ರೈಫಲ್ ಆನಿಸಿಕೊಳ್ಳುವ ಜಾಗವನ್ನು.

"ಗುಂಡು ಎಲ್ಗೋಗ್ಬೇಕು ಅಂತ ನಾನ್ಯಾಕಮ್ಮಣಿ ಬೇಡ್ಕೊಳ್ಲಿ? ಬಲಕ್ಕೋಗ್ಲಿ, ಎಡಕ್ಕೋಗ್ಲಿ, ಆ ಗುಡ್ಡಕ್ಕೇ ಓಗ್ಲಿ, ನಂಗೇನು? ಅಂಥಾ ದೊಡ್ಡ ತುಪ್ಪಾಕಿನ ಕೆನ್ನೆಗ್ ಒತ್ಕೊಂಡ್ ಮಲಗ್ತೀಯ ಅಂತ ಇವನೇ, ನಿನ್ ಗಂಡ, ಯೋಳ್ದ. ನಿನ್ ಕಣ್ಣಿಗೆ ಮುಖಕ್ಕೆ ಏನೂ ಆಗ್ದೆ ನೀನು ಮನೆಗ್ ಬಂದ್ರೆ ಸಾಕು ಅಂತ ಇಟ್ಟೆ. ಅಷ್ಟೇ."

"ಪ್ರತಿ ಭಾನುವಾರ ಸೋತ್ಕೊಂಡ್ ಬಂದೆ ಅತ್ತೆ!"

"ಬಂದ್ಯಲ್ಲ" ಎಂದರು ಅವರು.

ನನ್ನ ಕೋಪದಲ್ಲಿ ನ್ಯಾಯವಿತ್ತು, ಈಗಲೂ ಇದೆ ಎನ್ನುತ್ತೇನೆ. ಆದರೂ ಅವರ ಪಕ್ಕದಲ್ಲಿ ನೆಲಕ್ಕೇ ಕೂತುಬಿಟ್ಟೆ. ತುಂಬ ಅಳು ಬಂತು. ಅವರು ನನ್ನ ತಲೆ ಸವರಲಿಲ್ಲ, ಅಂಥವರಲ್ಲ. ಕರಿಬೇವಿನ ಅರ್ಧ ಕಟ್ಟನ್ನು ನನ್ನ ಮಡಿಲಿಗೆ ಹಾಕಿದರು, ಇಬ್ಬರೂ ಬಿಡಿಸಿದೆವು. ಎರಡೂವರೆ ತಿಂಗಳಿಂದ ಆ ರೈಫಲ್ಲಿನ ತಪ್ಪೇನೆಂದು ನಾನು ಹುಡುಕುತ್ತಲೇ ಇದ್ದೆ. ಅತ್ತೆಯ ಲೆಕ್ಕದಲ್ಲಿ ಆ ಕಾಪ್ಪು ಒಂದು ಭಾನುವಾರವೂ ಗುರಿ ತಪ್ಪಿರಲಿಲ್ಲ.